ಮನೆಯ ಹೆರಿಗೆಯೂ ಆಸ್ಪತ್ರೆಯ ದಾರಿಯೂ

ಹೆರಿಗೆಯೆಂಬುದು ರೋಗವಲ್ಲ, ಅದು ಸೃಷ್ಟಿಯ ಸಹಜ ವ್ಯಾಪಾರ. ನಮ್ಮ ಹಿರಿಯರಲ್ಲಿ ಬಹುಮಂದಿ ಮನೆಯ ನಡುಕೋಣೆಯಲ್ಲಿ ಸೂಲಗಿತ್ತಿಯ ಕೈಗೆ ಬಂದವರೇ ಸರಿ. ಈ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದೇ ಮಾತನ್ನು ಮುಂದಿಟ್ಟುಕೊಂಡು, ಮನೆಯಲ್ಲಿಯೇ ಹೆರಿಗೆಯಾಗತಕ್ಕದ್ದೆಂದು ಮೊದಲೇ ನಿಶ್ಚಯಿಸಿ, ಆ ನಿಶ್ಚಯವು ತಲೆಕೆಳಗಾದ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ನಿಶ್ಚಯಿಸದೆ ಕುಳಿತಿರುವ ಕುಟುಂಬಗಳು ಈಚೆಗೆ ವಿದ್ಯಾವಂತರಲ್ಲಿಯೂ ಕಂಡುಬರುತ್ತಿವೆ. ಹೊರಡಬೇಕಾದ ಹೊತ್ತಿಗೆ ಹೊರಡದೆ, ಹೊರಟಾಗ ದಾರಿ ಸಾಗದೆ, ಸೇರಿದಾಗ ಬಾಗಿಲು ತೆರೆಯದೆ ತಾಯಂದಿರು ಪ್ರಾಣ ಕಳೆದುಕೊಳ್ಳುವ ಈ ಅನರ್ಥವನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

2018ರ ಜುಲೈ ತಿಂಗಳಿನಲ್ಲಿ ನೆರೆಯ ತಮಿಳುನಾಡಿನ ತಿರುಪ್ಪೂರಿನಲ್ಲಿ ನಡೆದುದನ್ನು ವಾಚಕರಲ್ಲಿ ಹಲವರು ಮರೆತಿರಲಾರರು. ಅಲ್ಲಿನ ಒಂದು ವಿದ್ಯಾವಂತ ಕುಟುಂಬದವರು, ಯೂಟ್ಯೂಬಿನ ದೃಶ್ಯಗಳ ಆಧಾರದಿಂದ, ತರಬೇತಿ ಪಡೆದವರಾರ ನೆರವೂ ಇಲ್ಲದೆ ಮನೆಯಲ್ಲಿ ಹೆರಿಗೆ ಮಾಡಿಸಲು ತೊಡಗಿದರೆಂದು ವರದಿಯಾಯಿತು. ಕೂಸೇನೋ ಹುಟ್ಟಿತು, ತಾಯಿಯ ರಕ್ತಸ್ರಾವ ನಿಲ್ಲಲಿಲ್ಲ. ಆಸ್ಪತ್ರೆಗೆ ಒಯ್ದರು, ಆಕೆ ಉಳಿಯಲಿಲ್ಲ. ಆಗ ನಡೆದ ಚರ್ಚೆಯೆಲ್ಲ ಯೂಟ್ಯೂಬನ್ನು ಕುರಿತದ್ದು, ಪೊಲೀಸರ ಕ್ರಮವನ್ನು ಕುರಿತದ್ದು. ರಕ್ತ ಹರಿಯತೊಡಗಿದ ಮೇಲೆ ಮನೆಯಿಂದ ಹೊರಡುವವರೆಗೆ ಎಷ್ಟು ಹೊತ್ತು ಕಳೆಯಿತು, ಹೊರಡೋಣವೆಂದು ಹೇಳುವ ಅಧಿಕಾರ ಆ ಮನೆಯಲ್ಲಿ ಯಾರಿಗಿತ್ತು ಎಂಬ ಪ್ರಶ್ನೆ ಅಷ್ಟಾಗಿ ಏಳಲಿಲ್ಲ. ಮುಖ್ಯವಾದ ಪ್ರಶ್ನೆ ಅದೇ ಎಂಬುದು ನಮ್ಮ ಅಭಿಪ್ರಾಯ.

ಇಂಥ ಹೆರಿಗೆಗಳು ಈಗ ಎಲ್ಲಿವೆ ಎಂದು ಕೆಲವರು ಕೇಳಬಹುದು. ನಮ್ಮ ನಾಡು ಈ ವಿಷಯದಲ್ಲಿ ಬಹುದೂರ ಸಾಗಿ ಬಂದಿರುವುದು ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ ಸುಮಾರು 65 ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರಲ್ಲಿ ಅದು 97ಕ್ಕೆ ಏರಿತು. ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಮರಣ 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಇದು ಹೆಮ್ಮೆಪಡತಕ್ಕ ಸಂಗತಿ. ಆದರೆ ಅದೇ ಅವಧಿಯಲ್ಲಿ ನೆರೆಯ ಕೇರಳದ ಲೆಕ್ಕ 19 ಎಂಬುದನ್ನು ನೆನೆದರೆ ಹೆಮ್ಮೆಗೆ ಒಂದು ಮಿತಿ ಬರುತ್ತದೆ. ಉಳಿದ ನೂರಕ್ಕೆ ಮೂರರಲ್ಲಿ ಕಾಡಿನ ಊರುಗಳವರೂ ಇದ್ದಾರೆ, ಕೆಲಸವನ್ನರಸಿ ಬಂದು ಗುಡಿಸಿಲಲ್ಲಿ ಇಳಿದವರೂ ಇದ್ದಾರೆ, ಬೇಕೆಂದೇ ಮನೆಯನ್ನು ಆರಿಸಿಕೊಂಡ ಪಟ್ಟಣಿಗರೂ ಇದ್ದಾರೆ. ಸ್ಥಿತಿ ಬೇರೆಯಾದರೂ ಇವರೆಲ್ಲರ ಅಪಾಯ ಒಂದೇ ಬಗೆಯದು.

ಆ ಅಪಾಯವು ಗಡಿಯಾರದ ಮುಳ್ಳಿನೊಡನೆ ನಡೆಯತಕ್ಕದ್ದು. ಹೆರಿಗೆ ನಿಂತುಹೋಗಿ ಕೂಸು ಅಡ್ಡಬಿದ್ದರೆ, ಚಿಕಿತ್ಸೆಯಿಲ್ಲದೆ ತಾಯಿ ಮೂರು ದಿನ ನರಳಿ ಸಾಯುವಳೆಂದೂ, ನಂಜೇರಿ ಸೆಳವು ಬಂದರೆ ಎರಡು ದಿನವೆಂದೂ ವೈದ್ಯರು ಅಂದಾಜು ಮಾಡಿದ್ದಾರೆ. ಆದರೆ ಕೂಸು ಹುಟ್ಟಿದ ಮೇಲೆ ರಕ್ತ ಹರಿಯತೊಡಗಿ ನಿಲ್ಲದೆ ಹೋದರೆ ಗಟ್ಟಿಮುಟ್ಟಾದ ಹೆಂಗಸಿಗೂ ಇರುವ ಅವಕಾಶ ಸುಮಾರು ಎರಡೇ ಗಂಟೆ. ಹುಟ್ಟಿದ ಕೂಸು ಉಸಿರಾಡದಿದ್ದರೆ ಅದಕ್ಕೆ ನೆರವು ಮೊದಲ ಒಂದು ನಿಮಿಷದೊಳಗೆ ದೊರೆಯಬೇಕು. "ಇನ್ನೊಂದು ತಾಸು ನೋಡೋಣ" ಎಂಬ ನಮ್ಮ ಮನೆಗಳ ಮಾತು ಎಷ್ಟು ಬೆಲೆಯುಳ್ಳದ್ದೆಂಬುದನ್ನು ಈ ಲೆಕ್ಕದಿಂದ ತಿಳಿಯಬಹುದು.

1994ರಲ್ಲಿ ಥಾಡಿಯಸ್ ಮತ್ತು ಮೇನ್ ಎಂಬ ಇಬ್ಬರು ವಿದುಷಿಯರು ತಾಯಂದಿರ ಮರಣಕ್ಕೆ ಮೂರು ವಿಳಂಬಗಳು ಕಾರಣವೆಂದು ವಿವರಿಸಿದರು. ಹೊರಡುವ ನಿರ್ಧಾರಕ್ಕೆ ತಗಲುವ ವಿಳಂಬ ಒಂದು. ಆಸ್ಪತ್ರೆಯನ್ನು ಸೇರುವ ವಿಳಂಬ ಎರಡು. ಸೇರಿದ ಮೇಲೆ ಚಿಕಿತ್ಸೆ ದೊರೆಯುವ ವಿಳಂಬ ಮೂರು. ಈ ವಿಂಗಡಣೆ ಸರಳವಾದದ್ದು, ನಮ್ಮ ದೇಶಸ್ಥಿತಿಗೆ ಚೆನ್ನಾಗಿ ಒಪ್ಪುವಂಥದ್ದು. ಮೊದಲನೆಯದಕ್ಕೆ ಗೃಹಸ್ಥರು ಹೊಣೆ, ಎರಡನೆಯದಕ್ಕೆ ಗೃಹಸ್ಥರೂ ಸರಕಾರದವರೂ ಕೂಡಿ ಹೊಣೆ, ಮೂರನೆಯದಕ್ಕೆ ಸರಕಾರದವರೇ ಹೊಣೆ.

ಮೊದಲನೆಯ ವಿಳಂಬವನ್ನು ನೋಡೋಣ. ನೋವು ತಿನ್ನುತ್ತಿರುವವಳ ಮಾತಿಗೆ ಆ ಹೊತ್ತಿನಲ್ಲಿ ಬೆಲೆಯಿಲ್ಲ. ಅತ್ತೆಯವರು ಮಾವನವರತ್ತ ನೋಡುತ್ತಾರೆ. ಮಾವನವರು ಮಗನತ್ತ ನೋಡುತ್ತಾರೆ. ತವರಿನಲ್ಲಿದ್ದರೆ ಅಳಿಯಂದಿರು ಬರಲೆಂದು ಕಾಯುತ್ತಾರೆ. ಮನೆಯಲ್ಲಿಯೇ ಹೆರಿಗೆಯೆಂದು ಹಟ ತೊಟ್ಟ ಕುಟುಂಬದಲ್ಲಾದರೋ ಇದಕ್ಕೆ ಮಾನಾಪಮಾನದ ಯೋಚನೆಯೂ ಸೇರಿಕೊಳ್ಳುತ್ತದೆ. ಬೇಡವೆಂದ ನೆಂಟರ ಎದುರಿನಲ್ಲಿ ಈಗ ಆಸ್ಪತ್ರೆಗೆ ಹೊರಟರೆ ಸೋತಂತಾಯಿತಲ್ಲ ಎಂಬ ಅಳುಕು ಕಾಲನ್ನು ಕಟ್ಟುತ್ತದೆ. ಇದು ಶುದ್ಧ ಅವಿವೇಕ.

ಮನೆಯ ಹೆರಿಗೆಯನ್ನು ಶಾಸ್ತ್ರೀಯವಾಗಿ ನಡೆಸುವ ದೇಶಗಳಲ್ಲಿ ಈ ವಿಷಯವನ್ನು ಹೇಗೆ ಕಾಣುತ್ತಾರೆಂಬುದನ್ನು ನೋಡಬೇಕು. ಇಂಗ್ಲೆಂಡಿನಲ್ಲಿ ಅರುವತ್ತನಾಲ್ಕು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿ 2011ರಲ್ಲಿ ಒಂದು ದೊಡ್ಡ ವರದಿಯನ್ನು ಪ್ರಕಟಿಸಿದರು. ಯಾವ ತೊಡಕೂ ಕಾಣದ ಆರೋಗ್ಯವಂತ ಗರ್ಭಿಣಿಯರನ್ನೇ ಅದಕ್ಕೆ ಆರಿಸಿಕೊಂಡಿದ್ದರು. ಆದರೂ ಮನೆಯಲ್ಲಿ ಹೆರಿಗೆಯೆಂದು ನಿಶ್ಚಯಿಸಿದ ಚೊಚ್ಚಲು ಬಸಿರಿಯರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆಯೋ ಹೆರಿಗೆಯಾದೊಡನೆಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಹಿಂದೆ ಹೆತ್ತವರಲ್ಲಿ ಆ ಸಂಖ್ಯೆ 12. ಚೊಚ್ಚಲು ಕೂಸುಗಳಿಗೆ ದೊಡ್ಡ ಕೇಡು ಒದಗಿದ್ದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಆದರೆ, ಮನೆಯನ್ನು ಆರಿಸಿಕೊಂಡವರಲ್ಲಿ 9.3. ಎರಡನೆಯ ಮತ್ತು ಮುಂದಿನ ಹೆರಿಗೆಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಅಲ್ಲಿ ತರಬೇತಿ ಹೊಂದಿದ ದಾದಿ ಔಷಧಗಳೊಡನೆ ಮನೆಗೆ ಬರುತ್ತಾಳೆ. ಸಾಗಿಸುವ ಏರ್ಪಾಟು ಮೊದಲೇ ಆಗಿರುತ್ತದೆ. ಅಷ್ಟಿದ್ದೂ ಚೊಚ್ಚಲು ಬಸಿರಿಯರಲ್ಲಿ ಅರ್ಧಕ್ಕೆ ಸಮೀಪದವರು ಹೊರಡಬೇಕಾಯಿತೆಂದ ಮೇಲೆ, ಹೊರಡುವುದು ಸೋಲಲ್ಲ, ಆ ಪದ್ಧತಿಯ ಒಂದು ಅಂಗವೇ ಎಂಬುದು ಸ್ಪಷ್ಟ. ಮನೆಯ ಹೆರಿಗೆಯನ್ನು ಮಾತ್ರ ಅವರಿಂದ ಕಲಿತು, ಹೊರಡುವ ಸಿದ್ಧತೆಯನ್ನು ಬಿಡುವವರು ಅರ್ಧ ವಿದ್ಯೆಯನ್ನು ಕಲಿತವರು.

ಇಷ್ಟು ಹೇಳಿದ್ದರಿಂದ ನಮ್ಮ ಸೂಲಗಿತ್ತಿಯರನ್ನು ಹಳಿಯುತ್ತೇವೆಂದು ಯಾರೂ ತಿಳಿಯಬಾರದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹಣವನ್ನು ಬಯಸದೆ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರೆಂದು ಪ್ರಸಿದ್ಧರು. 2018ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಕೈಗುಣವೂ ಕರುಣೆಯೂ ನಮ್ಮ ನಾಡಿನ ಆಸ್ತಿ. ಆದರೆ ರಕ್ತ ಒಂದೇ ಸಮನೆ ಹರಿಯುವಾಗ ಕೈಗುಣವೊಂದೇ ಸಾಲದು. ಔಷಧವೂ ಬೇಕು, ಕೆಲವೊಮ್ಮೆ ಬೇರೊಬ್ಬರ ರಕ್ತವೂ ಬೇಕು.

ಔಷಧದ ವಿಷಯದಲ್ಲಿ ಕನ್ನಡ ನಾಡೇ ಜಗತ್ತಿಗೆ ಒಂದು ಪಾಠವನ್ನು ಕಲಿಸಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೆರಿಕದ ವಿದ್ವಾಂಸರೊಡನೆ ಕೂಡಿ, ಆ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯಲ್ಲಿಯೂ ಉಪಕೇಂದ್ರಗಳಲ್ಲಿಯೂ ಹೆತ್ತ 1,620 ತಾಯಂದಿರ ವಿಷಯದಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ಕೂಸು ಹುಟ್ಟಿದೊಡನೆ ದಾದಿಯು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ನುಂಗಿಸಿದಾಗ, ಅತಿಯಾದ ರಕ್ತಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು, ಪ್ರಾಣಕ್ಕೇ ಎರವಾಗಬಹುದಾದ ತೀವ್ರ ಸ್ರಾವವು ಸಾವಿರಕ್ಕೆ 12ರಿಂದ 2ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಹರಿದ ರಕ್ತವನ್ನು ಕಣ್ಣಂದಾಜಿನಿಂದ ತಿಳಿಯಲಾಗದೆಂದು, ಅದನ್ನು ಅಳೆಯಲು ಗೆರೆ ಹಾಕಿದ ಒಂದು ಚೀಲದ ಹಾಳೆಯನ್ನೂ ಆ ಪರೀಕ್ಷೆಗಾಗಿಯೇ ಸಿದ್ಧಪಡಿಸಿದರು. ಸೀರೆಗಳಲ್ಲಿ, ಚಾಪೆಯಲ್ಲಿ ಇಂಗಿದ ರಕ್ತ ಎಷ್ಟೆಂದು ಮನೆಯವರಿಗೆ ತಿಳಿಯದಿರುವುದೇ ಮೊದಲನೆಯ ವಿಳಂಬಕ್ಕೆ ಒಂದು ದೊಡ್ಡ ಕಾರಣ. ಗುಳಿಗೆಯು ಕಾಲಾವಕಾಶವನ್ನು ಕೊಡುತ್ತದೆ. ಆದರೆ ಆಸ್ಪತ್ರೆಯ ಸ್ಥಾನವನ್ನು ತುಂಬಲಾರದು ಎಂಬುದನ್ನೂ ಮರೆಯತಕ್ಕದ್ದಲ್ಲ.

ಇನ್ನು ದಾರಿಯ ಮಾತು. 2008ರಲ್ಲಿ ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸುಗಳು ಓಡತೊಡಗಿದ ಮೇಲೆ ಎಷ್ಟೋ ಜೀವಗಳು ಉಳಿದಿವೆ. ಆದರೆ ಗಾಡಿ ಬರಲು ರಸ್ತೆ ಬೇಕು, ಕರೆಯಲು ಟೆಲಿಫೋನು ಮಾತನಾಡಬೇಕು. ಖಾನಾಪುರ ತಾಲ್ಲೂಕಿನ ಕಾಡಿನ ಊರುಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತಂದ ವರ್ತಮಾನ ಪತ್ರಿಕೆಗಳಲ್ಲಿ ಬಂದಿದೆ. ಹಳ್ಳ ತುಂಬಿ ಹರಿಯುವ ಆಷಾಢದಲ್ಲಿ ಇಂಥ ಊರಿನ ಬಸಿರಿಗೆ ಎರಡು ಗಂಟೆಯ ಅವಕಾಶವೆಂದರೆ ಏನೂ ಇಲ್ಲವೆಂದೇ ಅರ್ಥ. ಒಡಿಶಾದಲ್ಲಿ ‘ಮಾ ಗೃಹ’ಗಳೆಂಬ ತಂಗುಮನೆಗಳನ್ನು ಏರ್ಪಡಿಸಿ, ದೂರದ ಊರುಗಳ ಗರ್ಭಿಣಿಯರು ದಿನ ತುಂಬುವ ಮೊದಲೇ ಬಂದು ಆಸ್ಪತ್ರೆಯ ಹತ್ತಿರ ಉಳಿಯುವಂತೆ ಮಾಡಿದ್ದಾರೆ. ನಮ್ಮ ಮಲೆನಾಡಿನ ತಾಲ್ಲೂಕುಗಳಿಗೆ ಇದು ತಕ್ಕ ಉಪಾಯವೆಂದು ನಾವು ಸೂಚಿಸುತ್ತೇವೆ. ಹಗಲಲ್ಲಿ ನಿಧಾನವಾಗಿ ಬರಬಹುದಾದ ದಾರಿಯನ್ನು ನಡುರಾತ್ರಿ ರಕ್ತದ ಮಡುವಿನಲ್ಲಿ ಕ್ರಮಿಸಬೇಕಾದ ಸ್ಥಿತಿಯನ್ನು ತಪ್ಪಿಸುವುದು ಆಗದ ಕೆಲಸವೇನಲ್ಲ.

ಮೂರನೆಯದು ಬಾಗಿಲು. ಅಧಿಕಾರಿವರ್ಗದವರು ಈ ಭಾಗವನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕೆಂದು ಬೇಡುತ್ತೇವೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡು ಆಧಾರ್ ಕಾರ್ಡುಗಳಿಲ್ಲವೆಂದು ಬಡ ಗರ್ಭಿಣಿಯೊಬ್ಬಳನ್ನು ಸರಕಾರಿ ಆಸ್ಪತ್ರೆಯಿಂದ ಹಿಂದಕ್ಕೆ ಕಳುಹಿದರೆಂದೂ, ಆಕೆ ಮನೆಯಲ್ಲಿ ಅವಳಿ ಕೂಸುಗಳನ್ನು ಹೆತ್ತು ಆ ಕೂಸುಗಳೊಡನೆ ತಾನೂ ಸತ್ತಳೆಂದೂ ವರದಿಯಾಯಿತು. ಸಿಬ್ಬಂದಿಯಲ್ಲಿ ಕೆಲವರನ್ನು ಅಮಾನತಿನಲ್ಲಿಟ್ಟರು. ಹೆರಿಗೆ, ಔಷಧ, ರಕ್ತ, ವಾಹನ ಎಲ್ಲವೂ ಸರಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವೆಂಬ ಕೇಂದ್ರ ಸರಕಾರದ ಯೋಜನೆ 2011ರಿಂದಲೇ ಇದೆ. ಹೀಗಿದ್ದೂ ಕಾಗದಕ್ಕಾಗಿ ಬಾಗಿಲು ಮುಚ್ಚುವುದಾದರೆ ಯೋಜನೆಯಿಂದೇನು ಫಲ? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ಮೃತರಾಗಿ, ಅವರಿಗೆ ಕೊಟ್ಟ ದ್ರಾವಣದ ಮೇಲೆ ಸಂಶಯವುಂಟಾದುದು ಜನರ ನಂಬಿಕೆಯನ್ನು ಮತ್ತಷ್ಟು ಅಲುಗಿಸಿತು. ಜನರು ಆಸ್ಪತ್ರೆಗೆ ಬರಬೇಕೆಂದು ಉಪದೇಶಿಸುವ ಸರಕಾರವು, ಬಂದವರಿಗೆ ಅಲ್ಲಿ ಕೇಡಾಗದಂತೆ ನೋಡಿಕೊಳ್ಳಲು ಬದ್ಧವಾಗಿದೆ.

ಇನ್ನೊಂದು ದೋಷ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಮನೆಯಲ್ಲಿ ಪ್ರಯತ್ನಿಸಿ, ಗತಿಗೆಟ್ಟು, ಓಡೋಡಿ ಬಂದ ಕುಟುಂಬವನ್ನು ಆಸ್ಪತ್ರೆಯ ಬಾಗಿಲಲ್ಲೇ ಗದರುವುದು, ಸೂಲಗಿತ್ತಿಯನ್ನು ಹೀನಾಯವಾಗಿ ಬೈದು ಹೊರಗಟ್ಟುವುದು ಕೆಲವೆಡೆ ವಾಡಿಕೆಯಾಗಿದೆ. ಹೀಗೆ ಬೈಗುಳ ತಿಂದು ಹೋದವರ ಕಥೆ ಊರಿಗೆ ಹಬ್ಬುತ್ತದೆ. ಮುಂದಿನ ಬಸಿರಿಯ ಮನೆಯವರು ಆ ಅವಮಾನಕ್ಕೆ ಹೆದರಿ ಇನ್ನೂ ತಡವಾಗಿ ಹೊರಡುತ್ತಾರೆ. ಎಷ್ಟು ಹೊತ್ತಿಗೆ ನೋವು ಬಂತು, ಏನು ಕೊಟ್ಟಿರಿ, ಮಾಸು ಪೂರ್ತಿ ಬಂತೇ ಎಂಬ ಮುಖ್ಯ ಸಂಗತಿಗಳನ್ನು ಹೇಳಬಲ್ಲವಳು ಆ ಸೂಲಗಿತ್ತಿಯೇ. ಅವಳನ್ನು ಕೂಡಿಸಿ ಕೇಳುವುದು ಚಿಕಿತ್ಸೆಯ ಮೊದಲ ಮೆಟ್ಟಿಲು. ತಿಳಿವಳಿಕೆ ಹೇಳಲು ತಾಯಿ ಬದುಕಿಕೊಂಡ ಮೇಲೆ ಬೇಕಾದಷ್ಟು ಕಾಲವುಂಟು.

ಈಗಿನ ಸ್ಥಿತಿಯಲ್ಲಿ, ಮುಖ್ಯವಾಗಿ ಚೊಚ್ಚಲು ಹೆರಿಗೆಗೆ, ಆಸ್ಪತ್ರೆಯೇ ಕ್ಷೇಮವೆಂಬುದು ನಮ್ಮ ನಿಶ್ಚಿತ ಅಭಿಪ್ರಾಯ. ಆದರೂ ಮನೆಯೇ ಬೇಕೆನ್ನುವವರಿಗೂ, ಮನೆಯನ್ನು ಬಿಟ್ಟು ಬೇರೆ ಗತಿಯಿಲ್ಲದವರಿಗೂ ಒಂದು ಸಲಹೆಯನ್ನು ಕೊಡುತ್ತೇವೆ. ಸೀಮಂತವೆಂದೋ ಕುಬಸವೆಂದೋ ಏಳನೆಯ ತಿಂಗಳ ಸುಮಾರಿಗೆ ಬೀಗರು, ನೆಂಟರು, ಹಿರಿಯರು ಎಲ್ಲರೂ ಕೂಡುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ಬಳೆ ತೊಡಿಸಿ ಆರತಿ ಎತ್ತಿದ ಮೇಲೆ, ಅದೇ ಜಮಖಾನೆಯ ಮೇಲೆ ಕುಳಿತು ಐದು ಮಾತುಗಳನ್ನು ಇತ್ಯರ್ಥಪಡಿಸಿಕೊಳ್ಳಲಿ: ತರಬೇತಿ ಪಡೆದ ಯಾರು ಬಳಿಯಲ್ಲಿರುವರು, ಯಾವ ಆಸ್ಪತ್ರೆಗೆ ಹೋಗುವುದು, ಯಾರ ವಾಹನ, ರಕ್ತ ಕೊಡುವವರು ಯಾರು, ಹೊರಡೋಣವೆಂದು ಹೇಳುವವರು ಯಾರು. ಈ ಕೊನೆಯ ಅಧಿಕಾರವನ್ನು ಬಸಿರಿಗೂ ಅವಳ ಬಳಿಯಿರುವ ದಾದಿಗೂ ಕೊಟ್ಟು, ಗಂಡಸರು ಅದನ್ನು ಪ್ರಶ್ನಿಸುವುದಿಲ್ಲವೆಂದು ಒಪ್ಪಬೇಕು. ತಲೆನೋವಿನೊಡನೆ ಕಣ್ಣು ಮಂಜಾದರೆ, ಸೆಳವು ಬಂದರೆ, ಕೂಸಿನ ಕೈಯೋ ಹೊಕ್ಕುಳಬಳ್ಳಿಯೋ ಮೊದಲು ಕಂಡರೆ, ನೋವು ಹನ್ನೆರಡು ಗಂಟೆ ಮೀರಿದರೆ, ಹೆರಿಗೆಯಾಗಿ ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ರಕ್ತ ಬಟ್ಟೆಯನ್ನು ತೊಯ್ಯಿಸಿ ಹರಿಯುತ್ತಿದ್ದರೆ, ಆಗ ಯಾರನ್ನೂ ಕೇಳದೆ ಹೊರಡತಕ್ಕದ್ದು.

ಜಿಲ್ಲಾಧಿಕಾರಿಗಳೂ ಆರೋಗ್ಯ ಇಲಾಖೆಯವರೂ ತಮ್ಮ ತಮ್ಮ ತಾಲ್ಲೂಕುಗಳಲ್ಲಿ ಮಳೆಗಾಲಕ್ಕೆ ಮೊದಲೇ ವಿಚಾರಿಸಿಕೊಳ್ಳಲಿ: ಯಾವ ಊರಿಗೆ ಗಾಡಿ ಹೋಗದು, ಯಾವ ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರಿಲ್ಲ, ಎಲ್ಲಿ ರಕ್ತ ದೊರೆಯದು. ಈ ಪಟ್ಟಿಯನ್ನು ತಯಾರಿಸಲು ಹೊಸ ಕಾನೂನು ಬೇಡ, ಹೆಚ್ಚಿನ ಹಣವೂ ಬೇಡ. ಹೆರುವ ತಾಯಿಗೆ ಮನೆಯಿಂದ ಆಸ್ಪತ್ರೆಯವರೆಗಿನ ದಾರಿ ತೆರೆದಿರಬೇಕೆಂಬ ಮನಸ್ಸೊಂದಿದ್ದರೆ ಸಾಕು. ಆ ಮನಸ್ಸನ್ನು ಮಾಡಬೇಕೆಂದು ಗೃಹಸ್ಥರನ್ನೂ ಅಧಿಕಾರಿಗಳನ್ನೂ ಕೂಡಿಯೇ ಪ್ರಾರ್ಥಿಸುತ್ತೇವೆ.