ಯೂಟ್ಯೂಬ್-ಡಿಎಲ್‌ಗೆ ಬಂದ ನೋಟಿಸ್
ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಡಿ ಕೃತಿಸ್ವಾಮ್ಯದ ನೋಟಿಸ್ ಬಂದರೆ, ಕೋಡ್ ಹಂಚಿಕೊಳ್ಳುವ ಗಿಟ್‌ಹಬ್‌ನಂಥ ತಾಣಗಳು ದೂರಿಗೆ ಒಳಗಾದ ಕೋಡ್ ತೆಗೆದುಹಾಕುತ್ತವೆ. ಇಲ್ಲದಿದ್ದರೆ ಹೊಣೆ ತಮ್ಮ ತಲೆಗೇ ಬರಬಹುದು. ಕೋಡ್ ಬರೆದವರು ಪ್ರತಿ-ನೋಟಿಸ್ ಕೊಟ್ಟು, ದೂರುದಾರರು ಕೋರ್ಟಿಗೆ ಹೋಗದಿದ್ದರೆ ಅದು ಮರಳುತ್ತದೆ.

2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಧ್ವನಿಮುದ್ರಣ ಕಂಪನಿಗಳ ಸಂಘ ಆರ್‌ಐಎಎ, ವಿಡಿಯೊ ಇಳಿಸಿಕೊಳ್ಳುವ ತಂತ್ರಾಂಶ ಯೂಟ್ಯೂಬ್-ಡಿಎಲ್ ವಿರುದ್ಧ ಗಿಟ್‌ಹಬ್‌ಗೆ ನೋಟಿಸ್ ಕಳಿಸಿತು; ಗಿಟ್‌ಹಬ್ ಅದರ ಕೋಡ್ ತೆಗೆದುಹಾಕಿತು. ವಿಚಿತ್ರವೆಂದರೆ, ಕೋಡ್ ಕದ್ದದ್ದು ಎಂಬ ದೂರೇ ಅಲ್ಲ. ಯೂಟ್ಯೂಬಿನ ತಾಂತ್ರಿಕ ಬೀಗ ಮುರಿಯುತ್ತದೆ ಎಂಬುದು ಆಕ್ಷೇಪ. ಜೊತೆಗೆ ತೋರಿಸಿದ್ದು, ಕೋಡ್‌ನ ಪರೀಕ್ಷಾ ಭಾಗದಲ್ಲಿದ್ದ ಟೇಲರ್ ಸ್ವಿಫ್ಟ್ ಮೊದಲಾದವರ ಹಾಡುಗಳ ಉಲ್ಲೇಖ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್‌ನ ವಕೀಲರು ಯೂಟ್ಯೂಬಿನಲ್ಲಿ ಮುರಿಯಲು ಬೀಗವೇ ಇಲ್ಲವೆಂದು ವಾದಿಸಿದರು. ಆ ಪರೀಕ್ಷೆಗಳನ್ನು ತೆಗೆದದ್ದೂ ಆಯಿತು. ನವೆಂಬರ್ 16ರಂದು ಕೋಡ್ ಮರಳಿತು. ಮುಂದೆ ಇಂಥ ದೂರುಗಳನ್ನು ತಜ್ಞರಿಂದ ಪರಿಶೀಲಿಸುವುದಾಗಿ ಹೇಳಿದ ಗಿಟ್‌ಹಬ್, ಡೆವಲಪರ್‌ಗಳ ರಕ್ಷಣೆಗೆ 10 ಲಕ್ಷ ಡಾಲರ್ ನಿಧಿಯನ್ನೂ ಘೋಷಿಸಿತು.