ಇಪ್ಪತ್ತು ಸಾವಿರ ಮತ, ಎರಡು ಬಿಘಾ ಭೂಮಿ

1954ರ ಮಾರ್ಚ್ 21ರಂದು ಮುಂಬೈಯ ಮೆಟ್ರೊ ಚಿತ್ರಮಂದಿರದಲ್ಲಿ ಹಿಂದಿ ಚಿತ್ರರಂಗದ ಘಟಾನುಘಟಿಗಳು ಸೇರಿದ್ದರು. ಹಾಲಿವುಡ್ ನಟ ಗ್ರೆಗರಿ ಪೆಕ್ ಅತಿಥಿಯಾಗಿ ಬರಬೇಕಿತ್ತು. ಕೊಲಂಬೊದಿಂದ ಹೊರಟ ವಿಮಾನ ತಡವಾಗಿ, ಅವರಿಗೆ ಸಿಕ್ಕಿದ್ದು ಸಮಾರಂಭದ ನಂತರದ ಔತಣ ಮಾತ್ರ. ಅಂದು ಹಂಚಿದ್ದು ಐದೇ ಪ್ರಶಸ್ತಿ. ‘ದಾಗ್’ ಚಿತ್ರದ ನಟನೆಗೆ ದಿಲೀಪ್ ಕುಮಾರ್, ‘ಬೈಜು ಬಾವ್ರಾ’ಕ್ಕೆ ಮೀನಾ ಕುಮಾರಿ, ಅದೇ ಚಿತ್ರದ ಸಂಗೀತಕ್ಕೆ ನೌಷಾದ್, ನಿರ್ದೇಶನಕ್ಕೆ ಬಿಮಲ್ ರಾಯ್. ಅತ್ಯುತ್ತಮ ಚಿತ್ರ, ಬಿಮಲ್ ರಾಯ್ ಅವರದೇ ‘ದೋ ಬಿಘಾ ಜಮೀನ್’.

ಈ ಹೆಸರುಗಳನ್ನು ಆರಿಸಿದ್ದು ಸರ್ಕಾರವಲ್ಲ, ನಿರ್ಮಾಪಕರ ಸಂಘವಲ್ಲ, ಪಂಡಿತರ ಸಮಿತಿಯೂ ಅಲ್ಲ. ಎರಡು ವರ್ಷಗಳ ಹಿಂದಷ್ಟೇ ಶುರುವಾಗಿದ್ದ ‘ಫಿಲ್ಮ್‌ಫೇರ್’ ಪತ್ರಿಕೆಯ ಓದುಗರು! ದೇಶದ ನಾನಾ ಮೂಲೆಗಳಿಂದ 20,000ಕ್ಕೂ ಹೆಚ್ಚು ಮಂದಿ ಮತ ಕಳುಹಿಸಿದ್ದರು. ‘ಟೈಮ್ಸ್ ಆಫ್ ಇಂಡಿಯಾ’ದ ಚಿತ್ರವಿಮರ್ಶಕಿ ಕ್ಲೇರ್ ಮೆಂಡೊನ್ಸಾ ನೆನಪಿನಲ್ಲಿ ಈ ಪ್ರಶಸ್ತಿಗೆ ಮೊದಲು ‘ಕ್ಲೇರ್ಸ್’ ಎಂದೇ ಹೆಸರಿಟ್ಟಿದ್ದರು. ಕೈಯೆತ್ತಿ ನರ್ತಿಸುವ ಹೆಣ್ಣಿನ ಆ ಪ್ರಸಿದ್ಧ ಪ್ರತಿಮೆಯನ್ನು ರೂಪಿಸಿದ್ದು ಶಿಲ್ಪಿ ಎನ್.ಜಿ. ಪನ್ಸಾರೆ. ಅವರಿಗೆ ಮಾರ್ಗದರ್ಶನ ಕೊಟ್ಟವರು ಪತ್ರಿಕಾ ಸಂಸ್ಥೆಯ ಕಲಾನಿರ್ದೇಶಕ ವಾಲ್ಟರ್ ಲ್ಯಾಂಗ್‌ಹ್ಯಾಮರ್, ನಾಜಿಗಳ ಕಾಟಕ್ಕೆ ಆಸ್ಟ್ರಿಯಾ ಬಿಟ್ಟು ಬಂದಿದ್ದ ಚಿತ್ರಕಾರ.

ಇವತ್ತು ಪ್ರತಿ ಡಿಸೆಂಬರ್‌ನಲ್ಲೂ ಸಿನಿಮಾ ಅಭಿಮಾನಿಗಳು ‘ಈ ವರ್ಷದ ಟಾಪ್ ಟೆನ್’ ಎಂದು ಪಟ್ಟಿ ಹಾಕುತ್ತಾರೆ, ಅದರ ಮೇಲೆ ಜಗಳವಾಡುತ್ತಾರೆ. ಈ ಅಭ್ಯಾಸದ ಜಾಡು ಹಿಡಿದು ಹೊರಟರೆ ನನ್ನ ಮನಸ್ಸು ಮತ್ತೆ ಮತ್ತೆ ನಿಲ್ಲುವುದು 1954ರ ಆ ಫಲಿತಾಂಶದ ಮುಂದೆ. ‘ದೋ ಬಿಘಾ ಜಮೀನ್’ ತೆರೆ ಕಂಡ 1953ರಲ್ಲಿ ಗಲ್ಲಾಪೆಟ್ಟಿಗೆಯನ್ನು ಸೂರೆಗೊಂಡ ಚಿತ್ರ ‘ಅನಾರ್ಕಲಿ’. ಪ್ರೇಮಕಥೆ, ಮೊಗಲ್ ವೈಭವ, ಮರುಳು ಮಾಡುವ ಹಾಡುಗಳು ಎಲ್ಲವೂ ಅದರಲ್ಲಿದ್ದವು. ಅಭಿಮಾನಿಗಳು ಅದಕ್ಕೆ ದುಡ್ಡು ಕೊಟ್ಟರು, ನಿಜ. ಆದರೆ ಅತ್ಯುತ್ತಮ ಚಿತ್ರ ಯಾವುದು ಎಂದು ಕೇಳಿದಾಗ ಅವರು ಬರೆದದ್ದು ಸಾಲಕ್ಕೆ ಸಿಕ್ಕಿ ಎರಡು ಬಿಘಾ ಹೊಲ ಕಳೆದುಕೊಳ್ಳುವ ಒಬ್ಬ ರೈತನ ಚಿತ್ರದ ಹೆಸರನ್ನು.

ಆ ಚಿತ್ರದ ಹುಟ್ಟು ಕೂಡ ಒಂದು ಪಟ್ಟಿಗೆ ಅಂಟಿಕೊಂಡಿದೆ. 1952ರಲ್ಲಿ ಮುಂಬೈಯಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ನಡೆಯಿತು. ಅಲ್ಲಿ ಇಟಲಿಯ ನಿರ್ದೇಶಕ ಡಿ ಸಿಕಾ ಅವರ ‘ಬೈಸಿಕಲ್ ಥೀವ್ಸ್’ ನೋಡಿದ ಬಿಮಲ್ ರಾಯ್, ಬಡವನ ಬದುಕನ್ನು ಬೀದಿಗಿಳಿದೇ ಚಿತ್ರಿಸಬೇಕು ಎಂದು ನಿರ್ಧರಿಸಿದರು. ಸಲೀಲ್ ಚೌಧರಿ ಕಥೆ ಕೊಟ್ಟರು, ಸಂಗೀತವನ್ನೂ ಕೊಟ್ಟರು. ಬಲರಾಜ್ ಸಾಹನಿ ಕಲ್ಕತ್ತಾದ ಬೀದಿಗಳಲ್ಲಿ ಕೈರಿಕ್ಷಾ ಎಳೆಯುವುದನ್ನು ಕಲಿತು ಶಂಭು ಎಂಬ ರೈತನಾದರು. ಅದೇ 1952ರಲ್ಲಿ ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಲೋಕದ ಶ್ರೇಷ್ಠ ಚಿತ್ರಗಳು ಯಾವುವೆಂದು ವಿಮರ್ಶಕರನ್ನು ಕೇಳಿತು. ಮೊದಲ ಸ್ಥಾನ ಸಿಕ್ಕಿದ್ದು ಬಿಡುಗಡೆಯಾಗಿ ನಾಲ್ಕೇ ವರ್ಷವಾಗಿದ್ದ ‘ಬೈಸಿಕಲ್ ಥೀವ್ಸ್’ಗೆ! ಅಲ್ಲಿನ ವಿಮರ್ಶಕರು ತಲೆಯ ಮೇಲಿಟ್ಟುಕೊಂಡ ಚಿತ್ರವೇ ಇಲ್ಲೊಂದು ಚಿತ್ರಕ್ಕೆ ಪ್ರೇರಣೆಯಾಯಿತು. ಎರಡು ವರ್ಷ ಕಳೆದು ನಮ್ಮ ಸಾಮಾನ್ಯ ಪ್ರೇಕ್ಷಕರು ‘ದೋ ಬಿಘಾ ಜಮೀನ್’ ಚಿತ್ರವನ್ನೇ ಮೊದಲ ಸ್ಥಾನದಲ್ಲಿ ಕೂರಿಸಿದರು. 1954ರಲ್ಲಿ ಕಾನ್ ಚಿತ್ರೋತ್ಸವವೂ ಅದಕ್ಕೆ ಅಂತರರಾಷ್ಟ್ರೀಯ ಬಹುಮಾನ ಕೊಟ್ಟಿತು. ಅಭಿಮಾನಿಗೆ ಅಭಿರುಚಿ ಇಲ್ಲ, ಅವನಿಗೆ ಬೇಕಿರುವುದು ಹಾಡು-ಕುಣಿತ ಮಾತ್ರ ಎನ್ನುವವರಿಗೆ ನಾನು ತೋರಿಸುವುದು ಈ ಫಲಿತಾಂಶವನ್ನೇ.

ಓದುಗರನ್ನು ಕೇಳುವ ಪದ್ಧತಿ ನಮ್ಮಲ್ಲಿ ಹುಟ್ಟಿದ್ದೇನಲ್ಲ. ಅಮೆರಿಕದ ‘ಫೋಟೊಪ್ಲೇ’ ಪತ್ರಿಕೆ 1920ರ ಚಿತ್ರಗಳಿಗೇ ಓದುಗರ ಮತದಿಂದ ಚಿನ್ನದ ಪದಕ ಕೊಟ್ಟಿತ್ತು. ಮೊದಲ ಪದಕ ‘ಹ್ಯೂಮರೆಸ್ಕ್’ ಚಿತ್ರದ ಪಾಲಾಯಿತು. ಆಸ್ಕರ್‌ನ ಮೊದಲ ಸಮಾರಂಭ ನಡೆದದ್ದು 1929ರಲ್ಲಿ. ಜಪಾನಿನ ‘ಕಿನೆಮಾ ಜುನ್ಪೊ’ 1924ರಿಂದ ವರ್ಷದ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿ ಹಾಕತೊಡಗಿತು. ಅದು ಕಾಲೇಜು ಹುಡುಗರು 1919ರಲ್ಲಿ ಶುರುಮಾಡಿದ ಪತ್ರಿಕೆ. ಉದ್ಯಮದವರು ತಮಗೆ ತಾವೇ ಪ್ರಶಸ್ತಿ ಕೊಟ್ಟುಕೊಳ್ಳುವ ಮುಂಚೆಯೇ ಅಭಿಮಾನಿಗಳು ತಮ್ಮ ತೀರ್ಪು ಹೇಳಿಯಾಗಿತ್ತು.

‘ಫಿಲ್ಮ್‌ಫೇರ್’ ಪ್ರಶಸ್ತಿ ಬಹುಕಾಲ ಬರೀ ಓದುಗರದಾಗಿ ಉಳಿಯಲಿಲ್ಲ. 1956ರಿಂದ ಓದುಗರ ಮತದ ಜತೆಗೆ ತಜ್ಞರ ಸಮಿತಿಯೂ ಬಂತು. ಜಗಳಗಳೂ ಬಂದವು. ಬಿಮಲ್ ರಾಯ್ ಅವರ ‘ದೇವದಾಸ್’ನಲ್ಲಿ ಚಂದ್ರಮುಖಿಯಾಗಿದ್ದ ವೈಜಯಂತಿಮಾಲಾಗೆ ಪೋಷಕ ನಟಿ ಪ್ರಶಸ್ತಿ ಬಂದಾಗ ಅವರು ತೆಗೆದುಕೊಳ್ಳಲಿಲ್ಲ. ಪಾರ್ವತಿಯಾಗಿದ್ದ ಸುಚಿತ್ರಾ ಸೇನ್ ಪಾತ್ರದಷ್ಟೇ ತನ್ನದೂ ಮುಖ್ಯ ಎಂಬುದು ಅವರ ವಾದ. ‘ಚೋರಿ ಚೋರಿ’ಯ ಸಂಗೀತಕ್ಕೆ ಶಂಕರ್-ಜೈಕಿಶನ್ ಪ್ರಶಸ್ತಿ ಪಡೆದಾಗ, ಆ ಚಿತ್ರದ ಹಾಡನ್ನು ಸಮಾರಂಭದಲ್ಲಿ ಹಾಡಲು ಲತಾ ಮಂಗೇಶ್ಕರ್ ಒಪ್ಪಲಿಲ್ಲ. ಹಾಡಿದವರಿಗೆ ಪ್ರಶಸ್ತಿಯೇ ಇಲ್ಲದಿರುವಾಗ ಯಾಕೆ ಹಾಡಬೇಕು ಎಂದು ಪಟ್ಟು ಹಿಡಿದರು. 1959ರಲ್ಲಿ ಹಿನ್ನೆಲೆ ಗಾಯನಕ್ಕೂ ಪ್ರಶಸ್ತಿ ಶುರುವಾಯಿತು, ಮೊದಲನೆಯದು ‘ಮಧುಮತಿ’ಯ ಹಾಡಿಗೆ ಲತಾ ಅವರಿಗೇ ಬಂತು.

ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು 1973ರ ಪ್ರಸಂಗ. ‘ಬೇ-ಇಮಾನ್’ ಚಿತ್ರಕ್ಕಾಗಿ ಪ್ರಾಣ್ ಅವರಿಗೆ ಪೋಷಕ ನಟ ಪ್ರಶಸ್ತಿ ಬಂತು. ಅದೇ ಚಿತ್ರದ ಸಂಗೀತಕ್ಕೆ ಶಂಕರ್-ಜೈಕಿಶನ್ ಆಯ್ಕೆಯಾದರು. ಆ ವರ್ಷ ಕಣದಲ್ಲಿ ‘ಪಾಕೀಜಾ’ ಇತ್ತು. ಅದರ ಸಂಗೀತ ನಿರ್ದೇಶಕ ಗುಲಾಮ್ ಮೊಹಮ್ಮದ್ ಚಿತ್ರ ಬಿಡುಗಡೆಯಾಗುವ ಮೊದಲೇ, 1968ರಲ್ಲಿ ತೀರಿಕೊಂಡಿದ್ದರು. ಆ ಸಂಗೀತವನ್ನು ಬಿಟ್ಟು ತಮ್ಮದೇ ಚಿತ್ರಕ್ಕೆ ಪ್ರಶಸ್ತಿ ಕೊಟ್ಟದ್ದು ಅನ್ಯಾಯ ಎಂದು ಪ್ರಾಣ್ ತಮಗೆ ಬಂದ ಪ್ರಶಸ್ತಿಯನ್ನೇ ನಿರಾಕರಿಸಿದರು. ಬದುಕಿಲ್ಲದ ಒಬ್ಬ ಕಲಾವಿದನ ಪರವಾಗಿ, ತಮ್ಮ ಕೈಗೆ ಬಂದದ್ದನ್ನು ಬಿಟ್ಟ ಈ ನಡೆ ನನ್ನ ಮಟ್ಟಿಗೆ ಆ ವರ್ಷದ ನಿಜವಾದ ಪ್ರಶಸ್ತಿ.

ನಮ್ಮ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಅಭಿಮಾನಿಗಳಿಗೆ ಅಂಚೆಯ ಮತವೇ ಬೇಕಿರಲಿಲ್ಲ. ಅವರ ಅಳತೆ ದಿನ ಮತ್ತು ವಾರ. ಐವತ್ತು ದಿನ, ನೂರು ದಿನ, ಇಪ್ಪತ್ತೈದು ವಾರ ಎಂದು ಪತ್ರಿಕೆಯ ಜಾಹೀರಾತಿನಲ್ಲಿ ಏರುತ್ತಿದ್ದ ಸಂಖ್ಯೆಯನ್ನು ಜನ ಎಣಿಸುತ್ತಿದ್ದರು. ಕಟೌಟಿಗೆ ಹೂವಿನ ಹಾರ, ಪಟಾಕಿ, ಶತದಿನೋತ್ಸವಕ್ಕೆ ನಾಯಕನಟನ ಭೇಟಿ. ‘ಬಂಗಾರದ ಮನುಷ್ಯ’ 1972ರಲ್ಲಿ ಬಿಡುಗಡೆಯಾಗಿ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಊರಿಗೆ ಬಂದು ಬಂಜರು ಭೂಮಿಯನ್ನು ಹಸನು ಮಾಡುವ ರಾಜೀವಪ್ಪನ ಕಥೆಯದು. ಅಲ್ಲಿ ಭೂಮಿ ಕಳೆದುಕೊಂಡ ಶಂಭು, ಇಲ್ಲಿ ಭೂಮಿ ಕಟ್ಟಿದ ರಾಜೀವ. ಎರಡು ಭಾಷೆಯ ಪ್ರೇಕ್ಷಕರು ತಮ್ಮತಮ್ಮ ಅಳತೆಗೋಲಿನಲ್ಲಿ ಆರಿಸಿಕೊಂಡದ್ದು ಮಣ್ಣಿನ ಕಥೆಯನ್ನೇ. ‘ಮುಂಗಾರು ಮಳೆ’ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಮೀರಿ ಓಡಿದ್ದು ಆ ಪರಂಪರೆಯ ಕೊನೆಯ ದೊಡ್ಡ ಸಾಕ್ಷಿ. ಆಮೇಲೆ ಚಿತ್ರ ಒಂದೇ ದಿನ ನೂರಾರು ಪರದೆಗಳಲ್ಲಿ ತೆರೆ ಕಂಡು ಮೂರನೇ ವಾರಕ್ಕೆ ಮರೆಯಾಗುವ ಕಾಲ ಬಂತು. ಕಪಾಲಿ ಚಿತ್ರಮಂದಿರವನ್ನು ಕೆಡವಿದರು. ಸಾಗರ್, ಗೀತಾ, ಹಿಮಾಲಯ ಒಂದೊಂದಾಗಿ ಹೋದವು. ದಿನ ಎಣಿಸುವುದಕ್ಕೆ ಚಿತ್ರವೂ ಉಳಿಯುವುದಿಲ್ಲ, ಚಿತ್ರಮಂದಿರವೂ ಉಳಿದಿಲ್ಲ. ಈ ನಷ್ಟಕ್ಕೆ ನನಗೆ ಸಮಾಧಾನವಿಲ್ಲ.

ಅಳತೆಗೋಲು ಅಷ್ಟರಲ್ಲಿ ಬೇರೆ ಕಡೆಗೆ ಹೋಗಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕಾಲ್ ನೀಡಮ್ ಎಂಬ ಕಂಪ್ಯೂಟರ್ ಎಂಜಿನಿಯರ್, ತಾನು ನೋಡಿದ ಚಿತ್ರಗಳ ವಿವರಗಳನ್ನು ಶ್ರದ್ಧೆಯಿಂದ ದಾಖಲಿಸುತ್ತಿದ್ದ ಸಿನಿಮಾ ಹುಚ್ಚಿನವರು. ತನ್ನಂಥ ಅಭಿಮಾನಿಗಳು ಕೂಡಿಸಿದ ನಟ-ನಟಿಯರ, ನಿರ್ದೇಶಕರ ಪಟ್ಟಿಗಳಲ್ಲಿ ಹುಡುಕುವ ವ್ಯವಸ್ಥೆಯೊಂದನ್ನು ಅವರು 1990ರ ಅಕ್ಟೋಬರ್ 17ರಂದು ಹೊರತಂದರು. ಅದೇ ಐಎಂಡಿಬಿ. 1998ರಲ್ಲಿ ಅಮೆಜಾನ್ ಅದನ್ನು ಕೊಂಡಿತು. ನೋಡಿದ ಚಿತ್ರಕ್ಕೆ ಹತ್ತರಲ್ಲಿ ಅಂಕ ಕೊಡುವುದು, ಅದರಿಂದ 250 ಚಿತ್ರಗಳ ಪಟ್ಟಿ ಹುಟ್ಟುವುದು ಅಲ್ಲಿನ ಪದ್ಧತಿ.

ಈ ಪಟ್ಟಿಯ ಲೆಕ್ಕವನ್ನು ಅಭಿಮಾನಿಗಳು ತಿಳಿದಿರಬೇಕು. ಹತ್ತು ಜನ ಗೆಳೆಯರು ಸೇರಿ ಹತ್ತಕ್ಕೆ ಹತ್ತು ಕೊಟ್ಟರೆ ಚಿತ್ರ ಮೊದಲ ಸ್ಥಾನಕ್ಕೇರುವುದಿಲ್ಲ. ಐಎಂಡಿಬಿ ಪ್ರಕಟಿಸಿದ್ದ ಸೂತ್ರದ ಪ್ರಕಾರ, ಪ್ರತಿ ಚಿತ್ರಕ್ಕೂ 25,000 ‘ಸಾಧಾರಣ’ ಮತಗಳನ್ನು ಮೊದಲೇ ಸೇರಿಸಿಟ್ಟಂತೆ ಲೆಕ್ಕ ಹಾಕುತ್ತಾರೆ. ಸಾಧಾರಣ ಅಂಕ 7 ಎಂದಿಟ್ಟುಕೊಳ್ಳಿ. 1,000 ಜನ ಪೂರ್ತಿ 10 ಕೊಟ್ಟ ಚಿತ್ರಕ್ಕೆ ಕೊನೆಗೆ ಉಳಿಯುವುದು ಸುಮಾರು 7.1. ಒಂದು ಲಕ್ಷ ಜನ ಸರಾಸರಿ 8.5 ಕೊಟ್ಟ ಚಿತ್ರಕ್ಕೆ 8.2. ಹೆಚ್ಚು ಜನ ನೋಡಿ ಒಪ್ಪಿದ ಮೇಲಷ್ಟೇ ಚಿತ್ರ ಮೇಲೇರಬೇಕು ಎಂಬುದು ಇದರ ನ್ಯಾಯ.

ಆ ನ್ಯಾಯಕ್ಕೂ 2008ರ ಜುಲೈನಲ್ಲಿ ಪೆಟ್ಟು ಬಿತ್ತು. ‘ದಿ ಡಾರ್ಕ್ ನೈಟ್’ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಅದರ ಅಭಿಮಾನಿಗಳು ಹತ್ತರ ಮೇಲೆ ಹತ್ತು ಸುರಿದು ಅದನ್ನು ಮೊದಲ ಸ್ಥಾನಕ್ಕೇರಿಸಿದರು. ಬಹುಕಾಲ ಅಲ್ಲಿ ಕೂತಿದ್ದ ‘ಗಾಡ್‌ಫಾದರ್’ಗೆ ಬೇಕೆಂದೇ ಒಂದೊಂದು ಅಂಕ ಕೊಟ್ಟು ಕೆಳಕ್ಕೆಳೆದವರೂ ಇದ್ದರು. ‘ಗಾಡ್‌ಫಾದರ್’ ಅಭಿಮಾನಿಗಳು ಸೇಡು ತೀರಿಸಿಕೊಂಡರು. ಇಬ್ಬರ ಜಗಳ ತಣ್ಣಗಾದಾಗ ಮೇಲೆ ಉಳಿದದ್ದು 1994ರ ‘ದಿ ಶಾಶಾಂಕ್ ರಿಡೆಂಪ್ಷನ್’. ಬಿಡುಗಡೆಯಾದಾಗ ಅದು ಹಾಕಿದ ಬಂಡವಾಳವನ್ನೂ ಗಳಿಸಿರಲಿಲ್ಲ. ಏಳು ಆಸ್ಕರ್ ನಾಮನಿರ್ದೇಶನ ಪಡೆದು ಒಂದನ್ನೂ ಗೆಲ್ಲಲಿಲ್ಲ. ವಿಡಿಯೊ ಕ್ಯಾಸೆಟ್ಟಿನಲ್ಲಿ, ಟೀವಿಯಲ್ಲಿ ನೋಡುತ್ತ ನೋಡುತ್ತ ಜನ ಅದನ್ನು ತಮ್ಮದಾಗಿಸಿಕೊಂಡರು. ಅವಸರದ ಮತ ಒಂದನ್ನು ಏರಿಸಿತು, ದ್ವೇಷದ ಮತ ಇನ್ನೊಂದನ್ನು ಇಳಿಸಿತು. ನಿಧಾನದ ಮತ ಮಾತ್ರ ಉಳಿಯಿತು.

2022ರ ಅಕ್ಟೋಬರ್‌ನಲ್ಲಿ ಕನ್ನಡಿಗರಿಗೆ ಹೆಮ್ಮೆಯ ಎರಡು ಸುದ್ದಿ ಒಟ್ಟಿಗೇ ಬಂದವು. ಸೆಪ್ಟೆಂಬರ್ 30ರಂದು ತೆರೆ ಕಂಡಿದ್ದ ‘ಕಾಂತಾರ’ ಐಎಂಡಿಬಿಯ ಭಾರತೀಯ ಚಿತ್ರಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ವಿಮರ್ಶಕರ ಒಕ್ಕೂಟ ಫಿಪ್ರೆಸಿಯ ಭಾರತ ಘಟಕ, ತನ್ನ 30 ಸದಸ್ಯರ ಮತದಿಂದ ಆರಿಸಿದ ಹತ್ತು ಶ್ರೇಷ್ಠ ಭಾರತೀಯ ಚಿತ್ರಗಳಲ್ಲಿ ಗಿರೀಶ ಕಾಸರವಳ್ಳಿ ಅವರ ‘ಘಟಶ್ರಾದ್ಧ’ಕ್ಕೆ ಐದನೇ ಸ್ಥಾನ ಕೊಟ್ಟಿತು. ಮೊದಲ ಸುದ್ದಿ ಮನೆಮನೆಗೂ ಮುಟ್ಟಿತು. ಎರಡನೆಯದಕ್ಕೆ ಸಂಭ್ರಮಿಸಿದವರು ಕಡಿಮೆ. ‘ಕಾಂತಾರ’ವನ್ನು ಮೆಚ್ಚಿದವರ ಮೇಲೆ ನನಗೆ ಯಾವ ತಕರಾರೂ ಇಲ್ಲ, ಊರೂರಿನಲ್ಲಿ ಮತ್ತೆ ಮತ್ತೆ ನೋಡಿಯೇ ಅವರು ಅದನ್ನು ಮೆಚ್ಚಿದ್ದಾರೆ. ನನ್ನ ಸಂಕಟವೆಲ್ಲ, 1977ರ ಆ ಕಪ್ಪು-ಬಿಳುಪು ಚಿತ್ರವನ್ನು ನೋಡದೆಯೇ ನಮ್ಮ ‘ಸಾರ್ವಕಾಲಿಕ’ ಪಟ್ಟಿಗಳು ತಯಾರಾಗುತ್ತಿವೆ ಎಂಬುದು. ಜೀರ್ಣೋದ್ಧಾರಗೊಂಡ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿದೆ. ಅದನ್ನು ನಮ್ಮ ಜಿಲ್ಲಾ ಕೇಂದ್ರಗಳ ಪ್ರೇಕ್ಷಕರೂ ದೊಡ್ಡ ಪರದೆಯ ಮೇಲೆ ನೋಡಬೇಕು.

ಕನ್ನಡದ ಅಭಿಮಾನಿಗೆ ಚಿತ್ರದ ಮೇಲಿರುವ ಪ್ರೀತಿ ಬರೀ ಅಂಕದ್ದಲ್ಲ. 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರು ತಮ್ಮ ಕೈಯಿಂದ ಹಣ ಹಾಕಿದರು. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ವನ್ನು ಲೇಖಕ ತೇಜಸ್ವಿ ಅವರ ಓದುಗರೇ ನಿಂತು ಮಾಡಿಸಿದರು. ಇಂಥವರ ಅಭಿರುಚಿಯನ್ನು ನಾನು ನಂಬುತ್ತೇನೆ, 1954ರ ಆ 20,000 ಜನರನ್ನು ನಂಬಿದಷ್ಟೇ.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ಈ ವರ್ಷಾಂತ್ಯಕ್ಕೆ ನಿಮ್ಮ ಮೆಚ್ಚಿನ ಹತ್ತು ಚಿತ್ರಗಳ ಪಟ್ಟಿ ಮಾಡುವಾಗ, ಮೊದಲ ದಿನವೇ ಅಂಕ ಕೊಟ್ಟುಬಿಡಬೇಡಿ. ಚಿತ್ರ ಮನಸ್ಸಿನಲ್ಲಿ ಒಂದು ತಿಂಗಳು ಉಳಿಯುತ್ತದೆಯೇ ನೋಡಿ. ನೋಡದ ಚಿತ್ರಕ್ಕೆ ಒಂದು ಅಂಕವನ್ನೂ ಕೊಡಬೇಡಿ, ಇನ್ನೊಬ್ಬ ನಟನ ಮೇಲಿನ ಸಿಟ್ಟಿಗೆ ಒಳ್ಳೆಯ ಚಿತ್ರವನ್ನು ಕೆಳಗಿಳಿಸಬೇಡಿ. ಒಂದೇ ವಾರ ಓಡಿ ಹೋದ ಸಣ್ಣ ಚಿತ್ರವೊಂದಕ್ಕೆ ನಿಮ್ಮ ಹತ್ತರಲ್ಲಿ ಜಾಗ ಕೊಡಿ. ಯಾಕೆ ಮೆಚ್ಚಿದಿರಿ ಎಂದು ಅದರ ಮುಂದೆ ಎರಡು ಸಾಲು ಬರೆಯಿರಿ, ಮುಂದಿನವರು ಅದನ್ನು ಹುಡುಕಿ ನೋಡುವಂತಾಗಲಿ.