ಟಾಟಾ ಹೆಸರಲ್ಲಿ ಬರೋ ಮೆಸೇಜ್: ದುಡ್ಡು ಹಾಕೋ ಮೊದಲು ಇದನ್ನ ಓದಿ

2008ರ ಹೊತ್ತಿಗೆ ‘ಜನಗಣಮನ ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆ, ಯುನೆಸ್ಕೋ ಘೋಷಣೆ’ ಅಂತ ಇಮೇಲ್ ಹರಿದಾಡಿತ್ತು. ಅಂಥ ಘೋಷಣೆ ಮಾಡೇ ಇಲ್ಲ ಎಂದಿತು ಯುನೆಸ್ಕೋ. ಅದರಿಂದ ಯಾರ ಜೇಬಿಗೂ ಕತ್ತರಿ ಬೀಳಲಿಲ್ಲ ಬಿಡಿ.

ರತನ್ ಟಾಟಾ ಹೆಸರಿನ ಕಥೆ ಬೇರೆ. 2023ರ ಅಕ್ಟೋಬರ್‌ನಲ್ಲಿ ಅಫ್ಘಾನ್ ಕ್ರಿಕೆಟಿಗ ರಶೀದ್ ಖಾನ್‌ಗೆ ಅವರು 10 ಕೋಟಿ ಕೊಡ್ತಾರೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಹಬ್ಬಿತು. ಕ್ರಿಕೆಟ್‌ಗೂ ತನಗೂ ಸಂಬಂಧವೇ ಇಲ್ಲ ಅಂತ ಅವರೇ ಹೇಳಬೇಕಾಯ್ತು. ಡಿಸೆಂಬರ್‌ನಲ್ಲಿ, ಅವರೇ ಹೂಡಿಕೆಗೆ ಸಲಹೆ ಕೊಡುವಂತೆ ತೋರಿಸೋ ನಕಲಿ ವಿಡಿಯೋ ಬಂತು. ನಂಬಿಕಸ್ಥರ ಮುಖ ಕಂಡ್ರೆ ನಾವು ಪ್ರಶ್ನೆ ಕೇಳಲ್ಲ, ಅವರ ಲೆಕ್ಕ ಅಷ್ಟೇ.

2024ರಲ್ಲಿ ಟಾಟಾ ತೀರಿಕೊಂಡರು. ‘ಅದು ನಾನಲ್ಲ’ ಅಂತ ಹೇಳೋಕೆ ಈಗ ಅವರೂ ಇಲ್ಲ. ದುಡ್ಡು ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತೆ.